ಕಾಣದ ಗಾಳಿಗೆ ಅಳತೆಯೇ ಕಣ್ಣು

ಐಟಿಐ, ಡಿಪ್ಲೊಮಾ ಮುಗಿಸಿ ವೆಲ್ಡಿಂಗ್ ಶಾಪಿಗೋ ಫೌಂಡ್ರಿಗೋ ಪ್ರಯೋಗಾಲಯಕ್ಕೋ ಈಗಷ್ಟೇ ಕಾಲಿಡುತ್ತಿರುವ ತಮ್ಮಂದಿರೇ, ತಂಗಿಯರೇ,

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಿಮಗೆ ನೀಲಿ ಬಣ್ಣದ ಒಂದು ಸಿಲಿಂಡರಿನ ಪರಿಚಯವಾಗುತ್ತದೆ. ‘ಇದು ಆರ್ಗಾನ್, ಜಡ ಅನಿಲ, ಇದರಿಂದ ಏನೂ ಆಗಲ್ಲ’ ಎಂದು ಪಕ್ಕದವರು ಧೈರ್ಯ ಹೇಳುತ್ತಾರೆ. ಜಡ ಅನಿಲ ಎಂಬುದು ನಿಜ. ಅದು ಉರಿಯುವುದಿಲ್ಲ, ಉರಿಸುವುದಿಲ್ಲ, ಲೋಹದ ಜೊತೆ ಸೇರುವುದಿಲ್ಲ, ವಿಷವೂ ಅಲ್ಲ. ‘ಏನೂ ಆಗಲ್ಲ’ ಎಂಬುದು ಮಾತ್ರ ಸುಳ್ಳು. ಆ ಸುಳ್ಳನ್ನು ನಂಬಿದವರ ಬೆಸುಗೆ ಕೆಟ್ಟಿದೆ, ಎರಕ ತಿರಸ್ಕಾರವಾಗಿದೆ, ಕೆಲವರ ಪ್ರಾಣವೇ ಹೋಗಿದೆ. ಅದಕ್ಕಾಗಿಯೇ ಈ ಮಾತುಗಳನ್ನು ನಿಮ್ಮ ಕಿವಿಗೆ ಹಾಕುತ್ತಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ. ಆರ್ಗಾನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಶುದ್ಧವಾದದ್ದೂ ಕಲಬೆರಕೆಯಾದದ್ದೂ ನೋಡಲು ಒಂದೇ. ಕೋಣೆಯಲ್ಲಿ ಅದು ತುಂಬಿಕೊಂಡಿದ್ದರೂ, ಇಲ್ಲದಿದ್ದರೂ ಮೂಗಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಈ ಅನಿಲದ ವಿಷಯದಲ್ಲಿ ನಿಮ್ಮ ಕಣ್ಣು, ಮೂಗು, ಅನುಭವ ಯಾವುದನ್ನೂ ನಂಬಬೇಡಿ. ಅಳತೆಯನ್ನು ನಂಬಿ.

ಆರ್ಗಾನ್ ಮನುಷ್ಯರಿಗೆ ಮೊದಲು ಗೊತ್ತಾದದ್ದೂ ಅಳತೆಯಿಂದಲೇ. 1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿರುವ ನೈಟ್ರೋಜನ್ನನ್ನು ವಿದ್ಯುತ್ ಕಿಡಿ ಹಾಯಿಸಿ ಪೂರ್ತಿ ಕಳೆಯಲು ನೋಡಿದರು. ಎಷ್ಟು ಕಿಡಿ ಹಾಯಿಸಿದರೂ ಕೊನೆಗೊಂದು ಸಣ್ಣ ಗುಳ್ಳೆ ಉಳಿಯಿತು. ಅದು ಮೂಲ ನೈಟ್ರೋಜನ್‌ನ 120ರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಎಂದು ಬರೆದಿಟ್ಟರು. ನೂರು ವರ್ಷ ಆ ಗುಳ್ಳೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಲಾರ್ಡ್ ರ್‍ಯಾಲೇ ಅನಿಲಗಳ ಸಾಂದ್ರತೆಯನ್ನು ತೂಗುತ್ತಾ ಹೋದರು. ಗಾಳಿಯಿಂದ ತೆಗೆದ ನೈಟ್ರೋಜನ್ ಲೀಟರಿಗೆ ಸುಮಾರು 1.257 ಗ್ರಾಂ ತೂಗಿತು, ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 1.250 ಗ್ರಾಂ. ವ್ಯತ್ಯಾಸ ನೂರಕ್ಕೆ ಅರ್ಧ. ತೂಕದಲ್ಲಿ ಏನೋ ತಪ್ಪಾಗಿದೆ ಎಂದು ಅವರು ಅದನ್ನು ಬದಿಗೆ ತಳ್ಳಲಿಲ್ಲ. ವಿಲಿಯಂ ರಾಮ್ಸೆ ಜೊತೆಗೂಡಿದರು. 1894ರಲ್ಲಿ ಇಬ್ಬರೂ ಸೇರಿ ಗಾಳಿಯಲ್ಲಿ ಅಡಗಿದ್ದ ಹೊಸ ಅನಿಲವನ್ನು ಲೋಕಕ್ಕೆ ತೋರಿಸಿದರು. 1904ರಲ್ಲಿ ರ್‍ಯಾಲೇಗೆ ಭೌತಶಾಸ್ತ್ರದ ನೊಬೆಲ್, ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಮೂರನೇ ದಶಮಾಂಶ ಸ್ಥಾನದ ಅಂಕಿಗೆ ಮರ್ಯಾದೆ ಕೊಟ್ಟವರಿಗೆ ಸಿಕ್ಕ ಫಲ ಅದು. ನೀವು ಮುಂದೆ ಮೀಟರ್ ಓದುವಾಗ ಇದು ನೆನಪಿರಲಿ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್, 21 ಪಾಲು ಆಕ್ಸಿಜನ್, ಆಮೇಲೆ 0.93 ಪಾಲು ಆರ್ಗಾನ್. ಇಂಗಾಲದ ಡೈ ಆಕ್ಸೈಡ್‌ಗಿಂತ ಇಪ್ಪತ್ತು ಪಟ್ಟು ಹೆಚ್ಚು. ಭೂಮಿಯ ಬಂಡೆಗಳಲ್ಲಿರುವ ಪೊಟ್ಯಾಸಿಯಂ-40 ಕೋಟ್ಯಂತರ ವರ್ಷಗಳಿಂದ ಕ್ಷಯಿಸುತ್ತಾ ಬಂದು ಇದನ್ನು ಹುಟ್ಟಿಸಿದೆ. ಕಾರ್ಖಾನೆಯಲ್ಲಿ ಇದನ್ನು ಯಾರೂ ತಯಾರಿಸುವುದಿಲ್ಲ, ಗಾಳಿಯಿಂದ ಬೇರ್ಪಡಿಸುತ್ತಾರೆ. ಗಾಳಿಯನ್ನು ತಣಿಸಿ ದ್ರವವಾಗಿಸಿ, ಎತ್ತರದ ಗೋಪುರಗಳಲ್ಲಿ ಕುದಿಸಿ ಬೇರೆ ಮಾಡುತ್ತಾರೆ. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆರ್ಗಾನ್ ಮೈನಸ್ 186ರಲ್ಲಿ, ಆಕ್ಸಿಜನ್ ಮೈನಸ್ 183ರಲ್ಲಿ. ಆರ್ಗಾನ್‌ಗೂ ಆಕ್ಸಿಜನ್‌ಗೂ ನಡುವಿನ ಅಂತರ ಬರೀ ಮೂರು ಡಿಗ್ರಿ. ಆರ್ಗಾನ್‌ನಿಂದ ಕಟ್ಟಕಡೆಯ ಆಕ್ಸಿಜನ್ ಅಂಶವನ್ನು ಬಿಡಿಸುವುದು ಕಷ್ಟವಾಗಿರುವುದೂ, ಶುದ್ಧತೆ ಏರಿದಂತೆ ಬೆಲೆ ಏರುವುದೂ ಇದರಿಂದಲೇ. ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಆಕ್ಸಿಜನ್ ಅಪಾರ ಪ್ರಮಾಣದಲ್ಲಿ ಬೇಕು. ಅದಕ್ಕಾಗಿ ನಿಲ್ಲಿಸಿದ ಗೋಪುರಗಳಲ್ಲಿ ಆರ್ಗಾನ್ ಕೂಡ ಜೊತೆಗೇ ಸಿಗುತ್ತದೆ.

ಈಗ ಶುದ್ಧತೆಯ ದರ್ಜೆಗೆ ಬರೋಣ. ಸಿಲಿಂಡರಿನ ಚೀಟಿಯ ಮೇಲೆ 4.5, 5.0, 6.0 ಎಂಬ ಅಂಕಿಗಳನ್ನು ನೋಡುತ್ತೀರಿ. ಓದುವ ಕ್ರಮ ಸುಲಭ. ಚುಕ್ಕೆಯ ಹಿಂದಿನ ಅಂಕಿ ಎಷ್ಟು ಒಂಬತ್ತುಗಳಿವೆ ಎಂದು ಹೇಳುತ್ತದೆ, ಚುಕ್ಕೆಯ ಮುಂದಿನ ಅಂಕಿ ಅವುಗಳ ನಂತರ ಬರುವ ಅಂಕಿ. 4.5 ಎಂದರೆ 99.995 ಶೇಕಡ. 4.8 ಎಂದರೆ 99.998. 5.0 ಎಂದರೆ 99.999. 6.0 ಎಂದರೆ 99.9999. ‘ಎಲ್ಲವೂ ತೊಂಬತ್ತೊಂಬತ್ತೇ ಅಲ್ಲವೇ’ ಎಂದು ಕೇಳುವವರಿದ್ದಾರೆ. ಅವರಿಗೆ ಲೆಕ್ಕ ಮಾಡಿ ತೋರಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7,000 ಲೀಟರ್ ಅನಿಲ ಇರುತ್ತದೆ. ಶುದ್ಧತೆ 99.99 ಆದರೆ ಅದರಲ್ಲಿ 700 ಮಿಲಿಲೀಟರ್ ಬೇರೆ ಅನಿಲ ಸೇರಿರಬಹುದು. 99.999 ಆದರೆ 70 ಮಿಲಿಲೀಟರ್. 99.9999 ಆದರೆ 7 ಮಿಲಿಲೀಟರ್. ಒಂದೊಂದು ಒಂಬತ್ತು ಸೇರಿದಾಗಲೂ ಕೊಳೆ ಹತ್ತು ಪಟ್ಟು ಇಳಿಯುತ್ತದೆ. ಒಂಬತ್ತುಗಳನ್ನು ನೋಡಬೇಡಿ, ಉಳಿದ ಕೊಳೆಯನ್ನು ನೋಡಿ. ಅದನ್ನೇ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 99.99ಕ್ಕೆ 100 ಪಿಪಿಎಂ, 99.999ಕ್ಕೆ 10, 99.9999ಕ್ಕೆ 1.

ಒಟ್ಟು ಅಂಕಿಯನ್ನು ನೋಡಿ ಸುಮ್ಮನಾಗಬೇಡಿ. ಕೊಳೆ ಯಾವುದು ಎಂಬುದೂ ಮುಖ್ಯ. ಸಿಲಿಂಡರಿನ ಜೊತೆ ಬರುವ ವಿಶ್ಲೇಷಣಾ ಪ್ರಮಾಣಪತ್ರದಲ್ಲಿ ಆಕ್ಸಿಜನ್ ಎಷ್ಟು, ತೇವಾಂಶ ಎಷ್ಟು, ನೈಟ್ರೋಜನ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂದು ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ತೇವಾಂಶ ಹೆಚ್ಚಿದ್ದರೆ ಆರ್ಕ್‌ನ ಬಿಸಿಗೆ ನೀರು ಒಡೆದು ಹೈಡ್ರೋಜನ್ ಆಗುತ್ತದೆ. ಕರಗಿದ ಅಲ್ಯೂಮಿನಿಯಂ ಅದನ್ನು ಹೀರಿಕೊಂಡು ಗಟ್ಟಿಯಾಗುವಾಗ ಹೊರಬಿಡುತ್ತದೆ. ಆಗ ಬೆಸುಗೆಯ ಒಳಗೆ ಸೂಜಿರಂಧ್ರಗಳು ಉಳಿಯುತ್ತವೆ. ಆಕ್ಸಿಜನ್ ಹೆಚ್ಚಿದ್ದರೆ ಟಂಗ್‌ಸ್ಟನ್ ಎಲೆಕ್ಟ್ರೋಡ್ ಸವೆಯುತ್ತದೆ, ಟೈಟಾನಿಯಂ ಪೆಡಸಾಗುತ್ತದೆ. ಸ್ಟೀಲಿಗೆ ಅಷ್ಟಾಗಿ ತೊಂದರೆ ಕೊಡದ ಸ್ವಲ್ಪ ನೈಟ್ರೋಜನ್ ಟೈಟಾನಿಯಂ ಕೆಡಿಸಲು ಸಾಕು. ಹಾಗಾಗಿ ‘ಎಷ್ಟು ಶುದ್ಧ’ ಎಂದು ಕೇಳಿದ ಮೇಲೆ ‘ಯಾವ ಕೆಲಸಕ್ಕೆ’ ಎಂದೂ ಕೇಳಿ.

ಯಾವ ಕೆಲಸಕ್ಕೆ ಯಾವುದು ಎಂಬ ವಿವೇಕ ಬರಬೇಕಾದರೆ ಆರ್ಗಾನ್ ಅಲ್ಲಿ ಏನು ಮಾಡುತ್ತಿದೆ ಎಂದು ತಿಳಿದಿರಬೇಕು. ಟಿಗ್ ವೆಲ್ಡಿಂಗ್ ಹುಟ್ಟಿದ್ದು 1940ರ ದಶಕದ ಆರಂಭದಲ್ಲಿ, ಅಮೆರಿಕದ ನಾರ್ತ್ರಾಪ್ ವಿಮಾನ ಕಾರ್ಖಾನೆಯಲ್ಲಿ. ಮೆಗ್ನೀಸಿಯಂ ಹಾಳೆಗಳನ್ನು ಬೆಸೆಯಲು ರಸೆಲ್ ಮೆರೆಡಿತ್ ಮೊದಲು ಬಳಸಿದ್ದು ಹೀಲಿಯಂ. ಆಮೇಲೆ ಅಗ್ಗವಾಗಿ ಸಿಗುವ, ಗಾಳಿಗಿಂತ ಭಾರವಾಗಿದ್ದು ಬೆಸುಗೆಯ ಮೇಲೆ ಚೆನ್ನಾಗಿ ಕೂರುವ ಆರ್ಗಾನ್ ಆ ಜಾಗಕ್ಕೆ ಬಂತು. ನೈಟ್ರೋಜನ್ ಇನ್ನೂ ಅಗ್ಗ, ಅದನ್ನೇ ಏಕೆ ಬಳಸಬಾರದು ಎಂದು ನೀವು ಕೇಳಬಹುದು. ಆರ್ಕ್‌ನ ಉರಿಯಲ್ಲಿ ನೈಟ್ರೋಜನ್ ಸುಮ್ಮನಿರುವುದಿಲ್ಲ. ಟೈಟಾನಿಯಂ, ಮೆಗ್ನೀಸಿಯಂ ಜೊತೆ ಸೇರಿ ನೈಟ್ರೈಡ್ ಆಗಿಬಿಡುತ್ತದೆ. ಆರ್ಗಾನ್ ಎಷ್ಟೇ ಬಿಸಿಯಲ್ಲೂ ಯಾವ ಲೋಹವನ್ನೂ ಮುಟ್ಟುವುದಿಲ್ಲ. ನಾವು ಅದಕ್ಕೆ ಹಣ ಕೊಡುವುದು ಆ ಒಂದು ಗುಣಕ್ಕೆ.

ಗೇಟು, ಗ್ರಿಲ್, ಸಾಮಾನ್ಯ ಉಕ್ಕಿನ ಚೌಕಟ್ಟುಗಳ ಮಿಗ್ ವೆಲ್ಡಿಂಗ್‌ಗೆ ಆರ್ಗಾನ್ ಜೊತೆ 15ರಿಂದ 25 ಶೇಕಡ ಇಂಗಾಲದ ಡೈ ಆಕ್ಸೈಡ್ ಬೆರೆಸಿದ ಮಿಶ್ರಣ ಸಾಕು. ಅದಕ್ಕೆ 5.0 ತರಿಸುವುದು ದುಡ್ಡು ಸುರಿದಂತೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಟಿಗ್ ಕೆಲಸಕ್ಕೆ 99.99ರಿಂದ 99.995 ದರ್ಜೆ ಸರಿಹೋಗುತ್ತದೆ. ಟೈಟಾನಿಯಂ ಎಂದ ಕೂಡಲೇ 99.999 ಕೇಳಿ. ಬೆಂಗಳೂರಿನಲ್ಲಿ ವಿಮಾನ ಮತ್ತು ಬಾಹ್ಯಾಕಾಶದ ಬಿಡಿಭಾಗ ಮಾಡುವ ಕಡೆ ಕೆಲಸ ಸಿಕ್ಕರೆ ಟೈಟಾನಿಯಂ ಬೆಸುಗೆಯ ಬಣ್ಣ ಓದುವುದನ್ನು ಮೊದಲು ಕಲಿಯಿರಿ. ಬೆಳ್ಳಿಯಂತೆ ಹೊಳೆದರೆ ಒಳ್ಳೆಯದು. ತಿಳಿ ಹಳದಿಯಾದರೆ ಸ್ವಲ್ಪ ಗಾಳಿ ಸೋಕಿದೆ. ನೀಲಿಯಾದರೆ ಅಪಾಯದ ಸೂಚನೆ. ಬೂದು ಅಥವಾ ಬಿಳಿ ಪುಡಿಯಂತಾದರೆ ಆ ಭಾಗ ತೆಗೆದುಹಾಕಬೇಕು. ಲೋಹ 400 ಡಿಗ್ರಿಗಿಂತ ಕೆಳಗೆ ತಣಿಯುವವರೆಗೂ ಹಿಂದಿನಿಂದ ಆರ್ಗಾನ್ ಹಾಯುತ್ತಿರಬೇಕು, ಟಾರ್ಚ್ ಮುಂದೆ ಹೋಯಿತೆಂದು ಹಿಂದಿನ ರಕ್ಷಣೆ ತೆಗೆಯಬಾರದು.

ಬೆಳಗಾವಿಯ ಫೌಂಡ್ರಿಗಳಿಗೆ ಹೋಗುವವರು ಸ್ಪೆಕ್ಟ್ರೋಮೀಟರ್ ನೋಡುತ್ತೀರಿ. ಎರಕದ ತುಣುಕಿನ ಮೇಲೆ ಆರ್ಗಾನ್ ಹಾಯಿಸಿ ಕಿಡಿ ಹೊಡೆಸಿ, ಅದರಿಂದ ಹೊರಟ ಬೆಳಕನ್ನು ಬಿಡಿಸಿ, ಕಾರ್ಬನ್ ಎಷ್ಟು, ಗಂಧಕ ಎಷ್ಟು, ರಂಜಕ ಎಷ್ಟು ಎಂದು ಆ ಯಂತ್ರ ಹೇಳುತ್ತದೆ. ಈ ಮೂರೂ ಧಾತುಗಳಿಗಾಗಿ ಅಳೆಯುವ ಬೆಳಕು 200 ನ್ಯಾನೋಮೀಟರಿಗಿಂತ ಕೆಳಗಿನದು. ಕಾರ್ಬನ್‌ನದು 193, ಗಂಧಕದ್ದು 180, ರಂಜಕದ್ದು 178ರ ಆಸುಪಾಸು. ಆಕ್ಸಿಜನ್ ಆ ಬೆಳಕನ್ನು ನುಂಗಿಬಿಡುತ್ತದೆ. ಅದಕ್ಕೇ ಅಲ್ಲಿ 99.999 ಕಡ್ಡಾಯ. ಅಗ್ಗದ ಅನಿಲ ಹಾಕಿದರೆ ಯಂತ್ರ ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಡುತ್ತಾ ಓಡುತ್ತಲೇ ಇರುತ್ತದೆ. ಕಿಡಿ ಬಿದ್ದ ಗುರುತನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ನಡುವೆ ಕರಗಿ ಸುತ್ತ ಕಪ್ಪು ಉಂಗುರ ಕಟ್ಟಿದ್ದರೆ ಸರಿ. ಕರಗದೆ ಬೆಳ್ಳಗೆ ಹರಡಿಕೊಂಡಿದ್ದರೆ ಪರದೆಯ ಮೇಲಿನ ಅಂಕಿಯನ್ನು ನಂಬಬೇಡಿ, ಅನಿಲವನ್ನು, ಕೊಳವೆಯನ್ನು, ತುಣುಕಿನ ಮೇಲ್ಮೈಯನ್ನು ಪರೀಕ್ಷಿಸಿ.

ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಆರ್ಗಾನ್‌ನ ಕೆಲಸ ಬೇರೆ. ಕರಗಿದ ಉಕ್ಕಿನ ಪಾತ್ರೆಯ ತಳದಿಂದ ಅದನ್ನು ಊದಿ ಇಡೀ ದ್ರವವನ್ನು ಕದಡುತ್ತಾರೆ. ಉಷ್ಣತೆ ಸಮನಾಗುತ್ತದೆ, ಕಲ್ಮಷ ಮೇಲೆ ತೇಲುತ್ತದೆ. ಸ್ಟೇನ್‌ಲೆಸ್ ತಯಾರಿಕೆಯಲ್ಲಿ ಇನ್ನೂ ಜಾಣ ಉಪಯೋಗವಿದೆ. ಆಕ್ಸಿಜನ್ ಊದಿ ಕಾರ್ಬನ್ ಸುಡಬೇಕು, ಆದರೆ ಬೆಲೆಬಾಳುವ ಕ್ರೋಮಿಯಂ ಸುಡಬಾರದು. ಆಕ್ಸಿಜನ್ ಜೊತೆ ಆರ್ಗಾನ್ ಬೆರೆಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ತೆಳುವಾಗಿ ಬೇಗ ಹೊರಬೀಳುತ್ತದೆ, ಕಾರ್ಬನ್ ಹೋಗಿ ಕ್ರೋಮಿಯಂ ಉಳಿಯುತ್ತದೆ. 1954ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್‌ನ ಪ್ರಯೋಗಾಲಯದಲ್ಲಿ ಹೊಳೆದ ಈ ವಿಧಾನ 1960ರ ದಶಕದ ಕೊನೆಗೆ ಕಾರ್ಖಾನೆಗೆ ಬಂತು. ಇಂದು ಜಗತ್ತಿನ ಸ್ಟೇನ್‌ಲೆಸ್‌ನ ಬಹುಪಾಲು ತಯಾರಾಗುವುದು ಹೀಗೆಯೇ. ನಿಮ್ಮ ಫೋನಿನ ಚಿಪ್‌ಗೆ ಬೇಕಾದ ಸಿಲಿಕಾನ್ ಹರಳನ್ನು ಎಳೆಯುವುದೂ, ಟೈಟಾನಿಯಂ ಪುಡಿಯನ್ನು ಲೇಸರಿನಿಂದ ಕರಗಿಸಿ ಮೂರು ಆಯಾಮದಲ್ಲಿ ಮುದ್ರಿಸುವುದೂ ಆರ್ಗಾನ್ ಒಳಗೇ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೂಲ ಪ್ರತಿಯನ್ನು ಇಂದು ಕಾಪಾಡುತ್ತಿರುವುದೂ ಆರ್ಗಾನ್ ತುಂಬಿದ ಪೆಟ್ಟಿಗೆ.

ಒಳ್ಳೆಯ ಅನಿಲ ತಂದರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಸಿಲಿಂಡರಿನಲ್ಲಿ 5.0 ಇದ್ದದ್ದು ಟಾರ್ಚಿನ ಬಾಯಿಗೆ ಬರುವಷ್ಟರಲ್ಲಿ 4.0 ಆಗಿರಬಹುದು. ಹಳೆಯ ರಬ್ಬರ್ ಕೊಳವೆ ಹೊರಗಿನ ತೇವವನ್ನು ಒಳಗೆ ಬಿಡುತ್ತದೆ. ಒಳಗೆ ಒತ್ತಡ ಹೆಚ್ಚಿರುವಾಗ ಹೊರಗಿನದು ಹೇಗೆ ಒಳಬರುತ್ತದೆ ಎಂದು ಆಶ್ಚರ್ಯವಾಗಬಹುದು. ಒಳಗಿನ ಅನಿಲದಲ್ಲಿ ನೀರಿನ ಆವಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹೊರಗೆ ಬೇಕಾದಷ್ಟಿದೆ. ನೀರಿನ ಕಣಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ರಬ್ಬರಿನ ಮೂಲಕವೇ ನುಸುಳುತ್ತವೆ. ಹಾಗಾಗಿ ಹೆಚ್ಚು ಶುದ್ಧತೆ ಬೇಕಾದ ಕಡೆ ತಾಮ್ರ ಅಥವಾ ಸ್ಟೇನ್‌ಲೆಸ್ ಕೊಳವೆ ಹಾಕಿಸಿ. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ರಾತ್ರಿಯಿಡೀ ಕೊಳವೆಯಲ್ಲಿ ನಿಂತದ್ದನ್ನು ಸ್ವಲ್ಪ ಹೊತ್ತು ಹೊರಗೆ ಹಾಯಿಸಿಬಿಡಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

ಹರಿವು ಹೆಚ್ಚಿಸಿದರೆ ರಕ್ಷಣೆ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಾಮಾನ್ಯ ಟಿಗ್ ಕೆಲಸಕ್ಕೆ ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು. ಅದನ್ನು ಮೀರಿ ತಿರುಗಿಸಿದರೆ ಅನಿಲ ಸುಳಿಸುಳಿಯಾಗಿ ಹೊರಬಂದು ಅಕ್ಕಪಕ್ಕದ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ದುಡ್ಡೂ ಹೋಯಿತು, ಬೆಸುಗೆಯೂ ಕೆಟ್ಟಿತು. ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ ಕೊನೆಯ ಉಸಿರಿನವರೆಗೂ ಹಿಂಡಬೇಡಿ. ಒಂದೆರಡು ಬಾರ್ ಒತ್ತಡ ಉಳಿದಿರುವಾಗಲೇ ವಾಲ್ವ್ ಮುಚ್ಚಿ. ಪೂರ್ತಿ ಖಾಲಿ ಮಾಡಿ ತೆರೆದಿಟ್ಟರೆ ಹೊರಗಿನ ತೇವ ಒಳಹೊಕ್ಕು ಮುಂದೆ ಆ ಸಿಲಿಂಡರ್ ತುಂಬಿಸಿಕೊಂಡವರ ಕೆಲಸ ಕೆಡುತ್ತದೆ. ನಿಮಗೆ ಗುರುತಿಲ್ಲದ ಆ ವೆಲ್ಡರ್ ಬಗ್ಗೆಯೂ ನಿಮಗೆ ಹೊಣೆಯಿದೆ.

ಇನ್ನು ಮುಂದೆ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಇದು ಜೀವದ ಮಾತು.

ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರ. ಸೋರಿದ್ದು ಹೊಂಡದಲ್ಲಿ ನೀರು ನಿಂತಂತೆ ತಗ್ಗಿನಲ್ಲಿ ನಿಲ್ಲುತ್ತದೆ. ಯಂತ್ರದ ಕೆಳಗಿನ ಗುಂಡಿ, ನೆಲಮಾಳಿಗೆ, ಟ್ಯಾಂಕಿನ ತಳ, ದಪ್ಪ ಪೈಪಿನ ಒಳಗು ಇವು ಅದು ಸೇರುವ ಜಾಗಗಳು. ಅಲ್ಲಿದ್ದ ಆಕ್ಸಿಜನ್ನನ್ನು ಅದು ಹೊರಗೆ ತಳ್ಳುತ್ತದೆ. ಆರ್ಗಾನ್ ನಿಮಗೆ ವಿಷ ಉಣಿಸುವುದಿಲ್ಲ, ಆಕ್ಸಿಜನ್ ಇಲ್ಲದ ಹಾಗೆ ಮಾಡುತ್ತದೆ.

‘ಉಸಿರು ಕಟ್ಟಿದರೆ ನನಗೆ ಗೊತ್ತಾಗುತ್ತದೆ, ಓಡಿ ಹೊರಗೆ ಬರುತ್ತೇನೆ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಗೊತ್ತಾಗುವುದಿಲ್ಲ. ಉಸಿರುಗಟ್ಟಿದಾಗ ಎದೆಯಲ್ಲಿ ಆಗುವ ಸಂಕಟ ಬಹುಪಾಲು ಬರುವುದು ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದ್ದರಿಂದ, ಆಕ್ಸಿಜನ್ ಇಳಿದದ್ದರಿಂದ ಅಲ್ಲ. ಆರ್ಗಾನ್ ಉಸಿರಾಡುವಾಗ ಇಂಗಾಲದ ಡೈ ಆಕ್ಸೈಡ್ ಎಂದಿನಂತೆ ಹೊರಗೆ ಹೋಗುತ್ತಲೇ ಇರುತ್ತದೆ. ಎದೆ ಹಗುರಾಗಿಯೇ ಇರುತ್ತದೆ. ಅಷ್ಟರಲ್ಲಿ ಮಿದುಳಿಗೆ ಆಕ್ಸಿಜನ್ ನಿಂತಿರುತ್ತದೆ. ಗಾಳಿಯಲ್ಲಿ ಆಕ್ಸಿಜನ್ 20.9 ಶೇಕಡ ಇರಬೇಕು. 19.5ಕ್ಕಿಂತ ಇಳಿದರೆ ಅದನ್ನು ಅಪಾಯದ ಜಾಗವೆಂದು ಲೆಕ್ಕಿಸುತ್ತಾರೆ. ಇನ್ನೂ ಇಳಿಯುತ್ತಾ ಹೋದಂತೆ ವಿವೇಚನೆ ಮಂಕಾಗುತ್ತದೆ. 10ರ ಕೆಳಗೆ ಪ್ರಜ್ಞೆ ತಪ್ಪುತ್ತದೆ. ಹೆಚ್ಚುಕಡಿಮೆ ಬರೀ ಆರ್ಗಾನ್ ತುಂಬಿದ ಕಡೆ ತಲೆ ಹಾಕಿದರೆ ಒಂದೆರಡು ಉಸಿರಿನಲ್ಲೇ ಕುಸಿಯುತ್ತೀರಿ. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಇವು ಪುಸ್ತಕದ ಮಾತುಗಳಲ್ಲ. 1981ರ ಮಾರ್ಚ್ 19ರಂದು ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಕೊಲಂಬಿಯಾ ನೌಕೆಯ ಹಿಂಭಾಗದ ಕೋಣೆಗೆ ತಂತ್ರಜ್ಞರು ಹೊಕ್ಕರು. ಒಳಗೆ ಗಾಳಿಯ ಬದಲು ನೈಟ್ರೋಜನ್ ತುಂಬಿತ್ತು. ಜಗತ್ತಿನ ಅತ್ಯಂತ ಎಚ್ಚರದ ಸಂಸ್ಥೆಯಲ್ಲೇ ಜೀವಹಾನಿಯಾಯಿತು. 2005ರ ನವೆಂಬರಿನಲ್ಲಿ ಡೆಲವೇರ್ ರಾಜ್ಯದ ಒಂದು ತೈಲ ಸಂಸ್ಕರಣಾಗಾರದಲ್ಲಿ ನೈಟ್ರೋಜನ್ ಹಾಯಿಸುತ್ತಿದ್ದ ಪಾತ್ರೆಯ ಬಾಯಲ್ಲಿ ಇಬ್ಬರು ಕಾರ್ಮಿಕರು ಸತ್ತರು. ಒಳಗೆ ಬಿದ್ದಿದ್ದ ಒಂದು ಅಂಟು ಟೇಪಿನ ಸುರುಳಿಯನ್ನು ತೆಗೆಯಲು ಮೊದಲನೆಯವನು ಪ್ರಯತ್ನಿಸಿದನೆಂದೂ, ಅವನನ್ನು ಉಳಿಸಲು ಎರಡನೆಯವನು ಹೋದನೆಂದೂ ತನಿಖೆ ತೀರ್ಮಾನಿಸಿತು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 1992ರಿಂದ 2002ರವರೆಗಿನ ನೈಟ್ರೋಜನ್ ಅವಘಡಗಳನ್ನು ಲೆಕ್ಕಹಾಕಿದಾಗ ಸತ್ತವರ ಸಂಖ್ಯೆ 80. ನೈಟ್ರೋಜನ್‌ಗೆ ಹೇಳಿದ್ದೆಲ್ಲ ಆರ್ಗಾನ್‌ಗೂ ಸಲ್ಲುತ್ತದೆ. ಆರ್ಗಾನ್ ಭಾರವಾದ್ದರಿಂದ ಗುಂಡಿಯಿಂದ ಹೊರಡಲು ಇನ್ನೂ ತಡಮಾಡುತ್ತದೆ.

ಲೆಕ್ಕ ಮಾಡೋಣ. ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರ್ ಇರುವ ಮುಚ್ಚಿದ ಕೋಣೆಯಲ್ಲಿ ಒಂದು 7 ಘನ ಮೀಟರ್ ಸಿಲಿಂಡರ್ ರಾತ್ರಿಯೆಲ್ಲ ಸೋರಿ ಖಾಲಿಯಾದರೆ, ಅನಿಲ ಎಲ್ಲ ಕಡೆ ಸಮನಾಗಿ ಬೆರೆತರೂ ಆಕ್ಸಿಜನ್ ಸುಮಾರು 16 ಶೇಕಡಕ್ಕೆ ಇಳಿಯುತ್ತದೆ. ನೆಲದ ಹತ್ತಿರ, ಗುಂಡಿಯೊಳಗೆ ಇನ್ನೂ ಕಡಿಮೆ ಇರಬಹುದು. ಒಂದೇ ಒಂದು ಸಿಲಿಂಡರ್! ದ್ರವ ಆರ್ಗಾನ್ ಆದರೆ ಇನ್ನೂ ಎಚ್ಚರ ಬೇಕು. ಒಂದು ಲೀಟರ್ ದ್ರವ ಸುಮಾರು 840 ಲೀಟರ್ ಅನಿಲವಾಗುತ್ತದೆ. ಹತ್ತು ಲೀಟರ್ ಚೆಲ್ಲಿದರೆ ಒಂದು ಸಿಲಿಂಡರಿಗಿಂತ ಹೆಚ್ಚು ಅನಿಲ ಹುಟ್ಟಿತು. ಅದಕ್ಕೇ ದ್ರವದ ಪಾತ್ರೆಯನ್ನು ಎಂದೂ ಬಿಗಿಯಾಗಿ ಮುಚ್ಚಬಾರದು, ಸುರಕ್ಷಾ ವಾಲ್ವಿನ ಬಾಯಿ ಕಟ್ಟಬಾರದು, ಲಿಫ್ಟ್‌ನಲ್ಲಿ ಅದರ ಜೊತೆ ನಿಂತು ಹೋಗಬಾರದು. ಮೈನಸ್ 186 ಡಿಗ್ರಿಯ ದ್ರವ ಚರ್ಮ ಮುಟ್ಟಿದರೆ ಸುಟ್ಟ ಗಾಯವೇ ಆಗುತ್ತದೆ. ಸಡಿಲವಾದ ಚಳಿನಿರೋಧಕ ಕೈಗವಸು, ಮುಖಕ್ಕೆ ಪಾರದರ್ಶಕ ಕವಚ, ಬೂಟಿನ ಮೇಲೆ ಇಳಿಬಿಟ್ಟ ಪ್ಯಾಂಟು ಇರಲೇಬೇಕು.

ನಮ್ಮ ಶಾಪುಗಳಲ್ಲಿ ಅಪಾಯ ಹೆಚ್ಚಾಗಿ ಬರುವ ದಾರಿ ಬೇರೆಯೇ. ಡೇರಿಗೋ ಔಷಧ ಕಾರ್ಖಾನೆಗೋ ಸ್ಟೇನ್‌ಲೆಸ್ ಟ್ಯಾಂಕ್ ಮಾಡುತ್ತಿರುತ್ತೀರಿ. ಬೆಸುಗೆಯ ಒಳಮೈ ಕಪ್ಪಾಗದಿರಲೆಂದು ಒಳಗೆ ಆರ್ಗಾನ್ ತುಂಬಿಸಿ ಪರ್ಜ್ ಮಾಡುತ್ತೀರಿ. ಆ ಟ್ಯಾಂಕಿಗೆ ಬೇಕಾದ್ದೇ ಆಕ್ಸಿಜನ್ ಇಲ್ಲದ ಒಳಗು. ಬೆಸುಗೆಗೆ ಒಳ್ಳೆಯದಾದ ಆ ಗಾಳಿ ನಿಮಗೆ ಸಾವು. ಬೆಸುಗೆ ಹೇಗೆ ಬಂತೆಂದು ನೋಡಲು ತಲೆ ಒಳಗೆ ಹಾಕುವ ಕ್ಷಣವೇ ಅಪಾಯದ ಕ್ಷಣ. ಇನ್ನೊಂದು ದಾರಿ: ಊಟಕ್ಕೆ ಹೋಗುವಾಗ ಟಾರ್ಚನ್ನು ಟ್ಯಾಂಕಿನೊಳಗೇ ಬಿಟ್ಟು ಹೋಗುವುದು. ಟಾರ್ಚಿನ ವಾಲ್ವ್ ಸ್ವಲ್ಪ ಸೋರುತ್ತಿದ್ದರೂ ತಿರುಗಿ ಬರುವಷ್ಟರಲ್ಲಿ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹೊರಬರುವಾಗಲೆಲ್ಲ ಟಾರ್ಚ್ ಹೊರಗೆ ತನ್ನಿ, ಸಿಲಿಂಡರಿನ ವಾಲ್ವನ್ನೇ ಮುಚ್ಚಿ.

ಹಾಗಾದರೆ ಒಳಗೆ ಹೋಗುವ ಮುನ್ನ ಏನು ಮಾಡಬೇಕು? ಮೊದಲು ಅನಿಲದ ಕೊಳವೆಯನ್ನು ಮುಚ್ಚಿ, ಸಾಧ್ಯವಾದರೆ ಕಳಚಿ ಬೇರೆ ಮಾಡಿ. ಫ್ಯಾನಿನಿಂದ ಹೊರಗಿನ ಗಾಳಿಯನ್ನು ತಳದವರೆಗೆ ಊದಿ. ಗಾಳಿಯ ಬದಲು ಆಕ್ಸಿಜನ್ ಸಿಲಿಂಡರ್ ತೆರೆದು ಊದುವ ಕೆಲಸ ಎಂದೂ ಬೇಡ, ಬಟ್ಟೆ ಕಿಡಿ ತಾಕಿದರೆ ಧಗ್ಗನೆ ಉರಿಯುತ್ತದೆ. ಆಮೇಲೆ ಆಕ್ಸಿಜನ್ ಮೀಟರನ್ನು ಹೊರಗಿನ ಒಳ್ಳೆಯ ಗಾಳಿಯಲ್ಲಿ ಹಿಡಿದು 20.9 ತೋರಿಸುತ್ತದೆಯೇ ನೋಡಿ. ತೋರಿಸಿದರೆ ಮಾತ್ರ ಅದು ನಂಬುವಂಥದ್ದು. ನಂತರ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಿರಿ. ಮೂರೂ ಸರಿಯಿದ್ದರೆ ಪರವಾನಗಿ ಚೀಟಿ ಬರೆಸಿ, ಸೊಂಟಕ್ಕೆ ಬೆಲ್ಟು-ಹಗ್ಗ ಕಟ್ಟಿಕೊಂಡು, ಮೀಟರನ್ನು ಎದೆಗೆ ಸಿಕ್ಕಿಸಿಕೊಂಡು ಇಳಿಯಿರಿ. ಬಾಯಿಯ ಬಳಿ ಒಬ್ಬರು ನಿಂತಿರಲೇಬೇಕು. ಅವರಿಗೆ ಬೇರೆ ಕೆಲಸ ಹೇಳಕೂಡದು. ದೂಳಿನ ಮಾಸ್ಕಾಗಲಿ, ರಾಸಾಯನಿಕ ಹೀರುವ ಮಾಸ್ಕಾಗಲಿ ಇಲ್ಲಿ ಉಪಯೋಗಕ್ಕೆ ಬಾರದು. ಇಲ್ಲದ ಆಕ್ಸಿಜನ್ನನ್ನು ಯಾವ ಸೋಸುಬಟ್ಟೆಯೂ ತಂದುಕೊಡಲಾರದು.

ಒಳಗಿದ್ದ ಗೆಳೆಯ ಬಿದ್ದರೆ? ಇದು ನಾನು ಹೇಳುವ ಅತ್ಯಂತ ಕಷ್ಟದ ಮಾತು. ಒಳಗೆ ಜಿಗಿಯಬೇಡಿ. ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಉಳಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ನೀವು ಹೋದರೆ ಅವನು ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ. ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ, ಅನಿಲ ಮುಚ್ಚಿ, ಫ್ಯಾನಿನಿಂದ ಗಾಳಿ ಊದಿ, ಕಟ್ಟಿದ ಹಗ್ಗದಿಂದ ಹೊರಗೆ ನಿಂತೇ ಎಳೆಯಿರಿ. ಗಾಳಿ ತುಂಬಿದ ಉಸಿರಾಟದ ಸಾಧನ ಧರಿಸಿ ತರಬೇತಿ ಪಡೆದವರು ಮಾತ್ರ ಒಳಗೆ ಇಳಿಯಬೇಕು. ಹಗ್ಗ ಕಟ್ಟಿಕೊಂಡೇ ಇಳಿಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಗೆಳೆಯನ ಮೇಲಿನ ಪ್ರೀತಿಯನ್ನು ಅವನು ಇಳಿಯುವ ಮೊದಲು ತೋರಿಸಿ.

ಸಿಲಿಂಡರ್ ಬಗ್ಗೆಯೂ ನಾಲ್ಕು ಮಾತು. ತುಂಬಿದಾಗ ಅದರೊಳಗೆ ಸುಮಾರು 150 ಬಾರ್ ಒತ್ತಡವಿರುತ್ತದೆ, ಹೊರಗಿನ ಗಾಳಿಯ ಒತ್ತಡದ ನೂರೈವತ್ತು ಪಟ್ಟು. ಬಿದ್ದು ವಾಲ್ವ್ ಮುರಿದರೆ ಆ ಭಾರದ ಉಕ್ಕಿನ ಕೊಳವೆ ಗೋಡೆ ಒಡೆದುಕೊಂಡು ಹಾರುತ್ತದೆ. ನಿಲ್ಲಿಸಿ ಸರಪಳಿ ಹಾಕಿ. ಸಾಗಿಸುವಾಗ ವಾಲ್ವಿಗೆ ಟೋಪಿ ಹಾಕಿ, ಟ್ರಾಲಿಯಲ್ಲಿ ಒಯ್ಯಿರಿ. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಬೇಡಿ. ರೆಗ್ಯುಲೇಟರ್ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ನಿಧಾನವಾಗಿ ವಾಲ್ವ್ ತೆರೆಯಿರಿ. ಹೆಗಲ ಮೇಲೆ ಕೊರೆದಿರುವ ಪರೀಕ್ಷೆಯ ದಿನಾಂಕ ನೋಡಿ, ಅವಧಿ ಮೀರಿದ್ದರೆ ತೆಗೆದುಕೊಳ್ಳಬೇಡಿ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಇವೆ. ನಾಗಪುರದ ಪೆಸೊ ಸಂಸ್ಥೆ ಅವುಗಳ ಉಸ್ತುವಾರಿ ನೋಡುತ್ತದೆ. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ನೀವೇ ತುಂಬಿಸಿಕೊಳ್ಳುವ ಸಾಹಸಕ್ಕೆ ಕೈ ಹಾಕಬೇಡಿ.

ಬಣ್ಣವನ್ನು ಗುರುತಿಗೆ ಮಾತ್ರ ಇಟ್ಟುಕೊಳ್ಳಿ. ನಮ್ಮಲ್ಲಿ ಆರ್ಗಾನ್ ನೀಲಿ, ಯುರೋಪಿನಲ್ಲಿ ಹೆಗಲು ಕಡು ಹಸಿರು. ಮಂಗಳೂರು, ಉಡುಪಿ ಕಡೆಯಿಂದ ಗಲ್ಫಿಗೆ ಹೋಗುವವರು ಊರಿನ ಬಣ್ಣದ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ. ಎಲ್ಲಿದ್ದರೂ ಚೀಟಿ ಓದಿ. ಹೈಡ್ರೋಜನ್ ಬೆರೆಸಿದ ಆರ್ಗಾನ್ ಕೆಲವು ಸ್ಟೇನ್‌ಲೆಸ್‌ಗೆ ಒಳ್ಳೆಯದು, ಅಲ್ಯೂಮಿನಿಯಂ, ಟೈಟಾನಿಯಂಗೆ ಕೆಟ್ಟದ್ದು. ಚೀಟಿ ಇಲ್ಲದ ಸಿಲಿಂಡರನ್ನು ವಾಪಸು ಕಳಿಸಿ. ದನಿ ಗಡುಸಾಗುತ್ತದೆಂದು ಆರ್ಗಾನ್ ಉಸಿರೆಳೆದು ನೋಡುವ ಹುಡುಗಾಟ ಎಲ್ಲಾದರೂ ಕಂಡರೆ ತಡೆಯಿರಿ. ಆರ್ಗಾನ್ ಆರ್ಕ್‌ನ ನೇರಳಾತೀತ ಬೆಳಕು ತೀಕ್ಷ್ಣ. ಕತ್ತು, ಮುಂಗೈ ಮುಚ್ಚಿಕೊಳ್ಳಿ. ಕ್ಲೋರಿನ್ ಇರುವ ದ್ರಾವಕದಿಂದ ಒರೆಸಿದ ಭಾಗವನ್ನು ಪೂರ್ತಿ ಒಣಗಿಸದೆ ಆರ್ಕ್ ಹಚ್ಚಬೇಡಿ. ಆ ಆವಿ ಆ ಬೆಳಕಿಗೆ ಫಾಸ್ಜೀನ್ ಎಂಬ ಘೋರ ವಿಷವಾಗಬಲ್ಲದು.

ಕೆಲಸಕ್ಕೆ ಹೊಸಬರಾದ ನಿಮಗೆ ಇಷ್ಟನ್ನೆಲ್ಲ ಕೇಳುವ ಧೈರ್ಯ ಇರುವುದಿಲ್ಲ ಎಂದು ನನಗೆ ಗೊತ್ತು. ‘ಇಷ್ಟು ವರ್ಷ ಹೀಗೇ ಮಾಡಿದ್ದೇವೆ, ಏನಾಗಿದೆ’ ಎಂದು ಹಿರಿಯರು ಹೇಳುತ್ತಾರೆ. ಅವರಿಗೆ ಎದುರುತ್ತರ ಕೊಡಬೇಡಿ. ಕೈಮುಗಿದು ಮೂರನ್ನು ಕೇಳಿ: ಈ ಸಿಲಿಂಡರಿನ ಪ್ರಮಾಣಪತ್ರ ಎಲ್ಲಿದೆ, ಆಕ್ಸಿಜನ್ ಮೀಟರ್ ಎಲ್ಲಿದೆ, ಒಳಗೆ ಇಳಿಯಲು ಪರವಾನಗಿ ಯಾರು ಬರೆದುಕೊಡುತ್ತಾರೆ. ಮೂರಕ್ಕೂ ಉತ್ತರ ಸಿಕ್ಕರೆ ಅದು ಕೆಲಸ ಕಲಿಯಲು ತಕ್ಕ ಜಾಗ, ಮನಸ್ಸಿಟ್ಟು ಕಲಿಯಿರಿ. ಮೀಟರ್ ಇಲ್ಲ, ಆದರೂ ಇಳಿ ಎಂದರೆ ಇಳಿಯಬೇಡಿ. ಆ ದಿನ ಬೈಗುಳ ತಿನ್ನಬೇಕಾಗಬಹುದು, ಆ ಕೆಲಸವೇ ಹೋಗಬಹುದು. ಬೆಸುಗೆ ಬಲ್ಲ ಕೈಗೆ ಇನ್ನೊಂದು ಕೆಲಸ ಸಿಗುತ್ತದೆ. ಮುಂದೆ ನೀವೇ ಫೋರ್‌ಮನ್ ಆಗುತ್ತೀರಿ. ಆಗ ನಿಮ್ಮ ಕೈಕೆಳಗಿನ ಹುಡುಗರು ಕೇಳುವ ಮೊದಲೇ ಆ ಮೀಟರನ್ನು ಅವರ ಎದೆಗೆ ನೀವೇ ಸಿಕ್ಕಿಸಿ.